ಎಫ್‌ಸಿ ಇಲ್ಲದ ಗಾಡಿ ಓಡಿದ್ದು

ಅಂಗಡಿ ಇಟ್ಟವನಿಗೆ ದಿನಕ್ಕೊಂದು ತಮಾಷೆ ಗ್ಯಾರಂಟಿ, ಗಾಡಿಯನ್ನೂ ಇಟ್ಟವನಿಗೆ ಎರಡು. ಹೆಬ್ಬಗೋಡಿಯಲ್ಲಿ ನನ್ನದೊಂದು ದಿನಸಿ ಅಂಗಡಿ, ಒಂದು ಪುಟ್ಟ ಗೂಡ್ಸ್ ಗಾಡಿ, ಅದಕ್ಕೊಬ್ಬ ಡ್ರೈವರ್. ಕೊರೊನಾ ಕಾಲದಲ್ಲಿ ಅಂಗಡಿಯ ಎಲ್ಲ ಸರಕಿಗೂ ಬರ ಬಂತು, ನಗುವಿಗೆ ಮಾತ್ರ ಬರಲಿಲ್ಲ.

೧. ಸತ್ತ ಕಾಗದ

ಲಾಕ್‌ಡೌನ್ ಶುರುವಾದ ವಾರವೇ ನನ್ನ ಗಾಡಿಯ ಎಫ್‌ಸಿ ಮುಗಿಯಿತು. ಎಫ್‌ಸಿ ಅಂದರೆ ಗಾಡಿ ರಸ್ತೆಗಿಳಿಯಲು ಲಾಯಕ್ಕು ಅಂತ ಆರ್‌ಟಿಓದವರು ಕೊಡುವ ಸರ್ಟಿಫಿಕೇಟು. ಅದೇ ತಿಂಗಳು ಡ್ರೈವರನ ಲೈಸೆನ್ಸೂ ಮುಗಿಯಿತು. ಹೊಸದು ಮಾಡಿಸೋಣವೆಂದರೆ ಆಫೀಸಿಗೆ ಬೀಗ. ದಿನಸಿ ಸಾಗಿಸಬಹುದು ಅಂತ ಸರ್ಕಾರ ಹೇಳಿತ್ತು, ಆದರೆ ಕಾಗದವಿಲ್ಲದ ಗಾಡಿ ಹೇಗೆ ಓಡುತ್ತೆ? ಗಾಡಿ ನಿಂತರೆ ಮಂಡಿಯಿಂದ ಅಕ್ಕಿ ಬೇಳೆ ಬರುವುದಿಲ್ಲ. ಅದು ಬರದಿದ್ದರೆ ಸುತ್ತಲಿನ ವಠಾರಗಳಲ್ಲಿ ಒಲೆ ಹತ್ತುವುದಿಲ್ಲ, ನನ್ನ ಶಟರ್ರೂ ಕೆಳಗೆ.

ಡ್ರೈವರ್ ಯಾದಗಿರಿ ಕಡೆಯವನು. ಬಟ್ಟೆಬರೆ ಗಂಟು ಕಟ್ಟಿಕೊಂಡು ಬಂದು ನಿಂತ.

"ನಾನೂ ಊರಿಗಿ ಹೊಂಟೀನ್ರಿ ಸಾವ್ಕಾರ್ರ. ಗಾಡಿ ಕಾಗದನೂ ಸತ್ತಾವ, ನನ್ನ ಕಾಗದನೂ ಸತ್ತಾವ. ಇಲ್ಲಿದ್ದು ಏನ್ ಮಾಡ್ಲಿ?"

"ಎರಡು ದಿನ ತಡಿಯೋ," ಅಂದೆ.

ತಡೆದದ್ದಕ್ಕೆ ಫಲ ಸಿಕ್ಕಿತು. ಅವಧಿ ಮುಗಿದ ಲೈಸೆನ್ಸು, ಎಫ್‌ಸಿ, ಪರ್ಮಿಟ್ಟು ಎಲ್ಲವನ್ನೂ ಸದ್ಯಕ್ಕೆ ಚಾಲ್ತಿಯಲ್ಲಿವೆ ಎಂದೇ ಪರಿಗಣಿಸಬೇಕು ಅಂತ ಆದೇಶ ಬಂತು. ನನ್ನ ಹೆಂಡತಿ ಫೋನಿನಲ್ಲಿ ಅದನ್ನು ಜೋರಾಗಿ ಓದಿದಳು. ಡ್ರೈವರ್ ಕೈಕಟ್ಟಿ ನಿಂತು, ಸತ್ಯನಾರಾಯಣನ ಕಥೆ ಕೇಳುವಷ್ಟು ಭಕ್ತಿಯಿಂದ ಕೇಳಿದ.

"ಅಂದ್ರ ಅಕ್ಕಾರ, ಸತ್ತದ್ದು ಖರೇ, ಆದ್ರ ಯಾರೂ ಅಳಬಾರ್ದು ಅಂತೇನ್ರಿ?"

"ಅಷ್ಟೇ ಕಣಪ್ಪ," ಅಂದಳು ಹೆಂಡತಿ.

"ಹಂಗಾರ ನಡೀರಿ ಸಾವ್ಕಾರ್ರ, ಮಂಡಿಗಿ ಹೋಗೂಣು," ಅಂತ ಗಂಟನ್ನು ಗಾಡಿಯೊಳಗೆ ಎಸೆದ.

ಆ ಆದೇಶಕ್ಕೆ ಸಹಿ ಹಾಕಿದ ಪುಣ್ಯಾತ್ಮರು ಯಾರೋ ಗೊತ್ತಿಲ್ಲ. ನಮ್ಮ ಅಂಗಡಿಗೆ ಬಂದರೆ ಅವರಿಗೆ ಕಾಫಿಪುಡಿ ಬಿಟ್ಟಿ. ವ್ಯಾಪಾರಿಯ ಬಾಯಲ್ಲಿ ಬಿಟ್ಟಿ ಅನ್ನೋ ಮಾತು ಬಂತು ಅಂದರೆ ನನ್ನ ಉಪಕಾರ ಸ್ಮರಣೆ ಎಷ್ಟಿರಬೇಕು, ನೀವೇ ಊಹಿಸಿ.

೨. ಅತ್ತಿಬೆಲೆ ಹತ್ತಿರದ ಪೊಲೀಸಪ್ಪ

ಆದೇಶದ ಜೆರಾಕ್ಸ್ ತೆಗೆಸಿ, ಲ್ಯಾಮಿನೇಷನ್ ಮಾಡಿಸಿ, ಗಾಡಿಯಲ್ಲಿ ದೇವರ ಫೋಟೋ ಪಕ್ಕದಲ್ಲೇ ಸಿಕ್ಕಿಸಿದೆವು. ಡ್ರೈವರ್ ಬೆಳಗ್ಗೆ ಇಬ್ಬರಿಗೂ ಊದುಬತ್ತಿ ಬೆಳಗುತ್ತಿದ್ದ.

ಒಂದು ದಿನ ನಾನೂ ಜೊತೆಗಿದ್ದೆ. ಅತ್ತಿಬೆಲೆ ಹತ್ತಿರ ಒಬ್ಬ ಪೊಲೀಸ್ ಕೈ ಅಡ್ಡ ಹಿಡಿದ. ಕಾಗದ ನೋಡಿ, "ಏನ್ ಸಾರ್, ಎಫ್‌ಸಿನೂ ಇಲ್ಲ, ಡಿಎಲ್ಲೂ ಇಲ್ಲ. ಧೈರ್ಯ ಸಕ್ಕತ್ತಾಗಿದೆ!" ಅಂದ.

ನಾನು ಆದೇಶ ತೆಗೆದುಕೊಟ್ಟೆ. ಬಿಸಿಲಲ್ಲೇ ನಿಂತು ಮೇಲಿಂದ ಕೆಳಗೆ ಓದಿದ. ತಿರುಗಿಸಿ ಇನ್ನೊಂದು ಸಲ ಓದಿದ. ಹಿಂದೆ ಲೋಡು, ಮುಂದೆ ಕಾನೂನು. ಆತ ಕಿಟಕಿ ಹತ್ತಿರ ಬಗ್ಗಿ ಮೆಲ್ಲಗೆ ಕೇಳಿದ.

"ಸಾರ್, ಇದು ಟೂ ವೀಲರ್ ಡಿಎಲ್‌ಗೂ ಆಗುತ್ತಾ?"

"ಆಗುತ್ತೆ ಸ್ವಾಮಿ. ಎಲ್ಲಾ ಡಿಎಲ್‌ಗೂ."

"ಅಯ್ಯೋ, ಬದುಕಿಸಿದ್ರಿ! ನಂದೂ ಮುಗಿದೋಗಿತ್ತು. ಹಿಂದಿನ ಚೆಕ್‌ಪೋಸ್ಟಲ್ಲಿ ನಮ್ಮೋರೇ ಹಿಡಿದುಬಿಟ್ರೆ ಮರ್ಯಾದೆ ಏನಾಗಬೇಕು ಅಂತ ದಿನಾ ಬೈಕು ಮನೇಲೇ ಬಿಟ್ಟು ನಡ್ಕೊಂಡು ಬರ್ತಿದೀನಿ!"

ಆದೇಶದ ಫೋಟೋ ಹೊಡೆದುಕೊಂಡ. ಹೋಟೆಲ್ಲೆಲ್ಲ ಮುಚ್ಚಿದ್ದ ಕಾಲ, ಡ್ರೈವರ್ ತನ್ನ ಬುತ್ತಿಯಿಂದ ಒಂದು ರೊಟ್ಟಿ ಕೊಟ್ಟ. ಆಮೇಲೆ ನಮ್ಮ ಗಾಡಿ ಬಂದರೆ ಸಾಕು, ಪೊಲೀಸಪ್ಪ ಬ್ಯಾರಿಕೇಡನ್ನು ತಾನೇ ಎಳೆಯುತ್ತಿದ್ದ. ಮಂತ್ರಿಗಳಿಗೂ ಅಷ್ಟು ಬೇಗ ಎಳೆಯುತ್ತಿದ್ದನೋ ಇಲ್ಲವೋ!

೩. ರವೆಯ ಅವಧಿ

ಸರ್ಕಾರ ಆ ಆದೇಶದ ಗಡುವನ್ನು ಒಂದು ಸಲ ಮುಂದೂಡಿ ಸುಮ್ಮನಾಗಲಿಲ್ಲ. ರೋಗ ಬಿಡಲಿಲ್ಲ, ಇವರೂ ಮುಂದೂಡುತ್ತಲೇ ಹೋದರು. ಡ್ರೈವರನಿಗೆ ಇದು ಎಷ್ಟು ಅಭ್ಯಾಸವಾಯಿತೆಂದರೆ, ಲೋಕದಲ್ಲಿ ಯಾವುದಕ್ಕೂ ಅವಧಿ ಮುಗಿಯುವುದೇ ಇಲ್ಲ ಅಂತ ನಂಬಿಬಿಟ್ಟ.

ಒಮ್ಮೆ ಗಲ್ಲಾದ ಮೇಲೆ ಅವನನ್ನು ಕೂರಿಸಿ ಊಟಕ್ಕೆ ಹೋಗಿದ್ದೆ. ಬರುವಷ್ಟರಲ್ಲಿ ಊರಿನ ಗೌಡರ ಮನೆ ಅಜ್ಜಿ ಉಪ್ಪಿಟ್ಟಿನ ರವೆ ಪ್ಯಾಕೆಟ್ ಹಿಡಿದು ಅಬ್ಬರಿಸುತ್ತಿದ್ದಳು.

"ಇದ್ರ ಡೇಟು ಓಗೈತೆ ಕಣ್ಲಾ!"

"ಈ ವರ್ಷ ಎಲ್ಲಾದಕ್ಕೂ ಎಕ್ಸ್‌ಟೆನ್ಶನ್ ಅದ ಬೇ ಆಯಿ. ಸರ್ಕಾರನ ಹೇಳ್ಯದ."

ಅಜ್ಜಿ ಪ್ಯಾಕೆಟ್ಟನ್ನು ಅವನ ಮೂಗಿನ ಹತ್ತಿರ ಹಿಡಿದಳು. ಒಳಗೆ ಹುಳಗಳು ಸಂಸಾರ ಹೂಡಿದ್ದವು.

"ಅಂಗಾ? ಈ ಉಳುಗಳು ಪೇಪರ್ ಓದಿಲ್ಲ ಕಣಪ್ಪ. ನೀನೇ ಒಸಿ ಓದೇಳು."

ಹೊಸ ಪ್ಯಾಕೆಟ್ ಕೊಟ್ಟೆ, ಮೇಲೊಂದು ಉಂಡೆ ಬೆಲ್ಲ. ಬೆಲ್ಲವನ್ನೂ ಮೂಸಿ ನೋಡಿಯೇ ಚೀಲಕ್ಕೆ ಹಾಕಿಕೊಂಡಳು.

೪. ಕೆಂಪು ಪ್ಲಸ್ಸಿನ ಡಬ್ಬಿ

ಕೊನೆಗೆ, ಇನ್ನು ಮುಂದೂಡುವುದಿಲ್ಲ ಅಂತ ಸರ್ಕಾರ ಹೇಳಿತು. ಆಗ ಶುರುವಾಯಿತು ನಿಜವಾದ ಪೀಕಲಾಟ.

ನಮ್ಮ ಬೀದಿಯಲ್ಲಿ ಗೂಡ್ಸ್ ಗಾಡಿ ನಾಲ್ಕು, ಪ್ರಥಮ ಚಿಕಿತ್ಸೆಯ ಡಬ್ಬಿ ಒಂದು. ಎಫ್‌ಸಿ ಮಾಡಿಸುವಾಗ ಆ ಡಬ್ಬಿ ಗಾಡಿಯಲ್ಲಿ ಇರಲೇಬೇಕು. ಮೊದಲೆಲ್ಲ ಒಬ್ಬೊಬ್ಬರ ಎಫ್‌ಸಿ ಒಂದೊಂದು ತಿಂಗಳು ಬರುತ್ತಿತ್ತು. ಮದುವೆಗೆ ಒಡವೆ ಎರವಲು ಕೊಟ್ಟ ಹಾಗೆ ಡಬ್ಬಿ ಮನೆಯಿಂದ ಮನೆಗೆ ಹೋಗಿ ಬರುತ್ತಿತ್ತು. ಈಗ ಎಲ್ಲರ ಗಡುವನ್ನೂ ಸರ್ಕಾರ ಒಂದೇ ದಿನಕ್ಕೆ ತಂದು ನಿಲ್ಲಿಸಿತ್ತು. ನಾಲ್ಕು ಮದುವೆ, ಒಂದೇ ಮುಹೂರ್ತ, ಒಂದೇ ಸರ!

ಗಡುವಿನ ದಿನ ನಾಲ್ಕೂ ಗಾಡಿ ಆರ್‌ಟಿಓ ಆಫೀಸಿನಲ್ಲಿ ನಿಂತವು, ಸಾಲಿನಲ್ಲಿ ನಮ್ಮದು ಕೊನೆಯದು. ಅವತ್ತು ಎಫ್‌ಸಿ ಆಗದಿದ್ದರೆ ಮಾರನೇ ದಿನದಿಂದ ಗಾಡಿ ಮನೆ ಮುಂದೆ. ಇಷ್ಟು ಕಾಲ ಓಡಿಸಿಕೊಂಡು ಬಂದದ್ದು ದಡದಲ್ಲಿ ಮುಳುಗುತ್ತಿತ್ತು. ಡಬ್ಬಿ ಮೊದಲ ಗಾಡಿಯಿಂದ ಎರಡನೆಯದಕ್ಕೆ, ಎರಡನೆಯದರಿಂದ ಮೂರನೆಯದಕ್ಕೆ ಕಳ್ಳ ಬೆಕ್ಕಿನ ಹಾಗೆ ದಾಟಿತು. ಆದರೆ ಅಲ್ಲಿಂದ ನಮಗೆ ದಾಟುವ ಮೊದಲೇ ಇನ್ಸ್‌ಪೆಕ್ಟರ್ ನಮ್ಮ ಗಾಡಿ ಮುಂದೆ ಬಂದು ನಿಂತರು.

"ಬರಲಿ ಆ ಡಬ್ಬಿ. ಬೆಳಗ್ಗೆಯಿಂದ ನನಗಿಂತ ಜಾಸ್ತಿ ಓಡಾಡ್ತಿದೆ ಪಾಪ."

ನಾನು ಮೂರನೇ ಗಾಡಿ ಕಡೆ ನೋಡಿದೆ. ಡ್ರೈವರ್ ಮಾತ್ರ ಸೀಟಿನ ಕೆಳಗಿಂದ ಅಂಥದ್ದೇ ಬಿಳಿ ಡಬ್ಬಿ, ಅಂಥದ್ದೇ ಕೆಂಪು ಪ್ಲಸ್, ಎಳೆದು ಹಿಡಿದ.

"ಇದು ಆ ಡಬ್ಬಿ ಅಲ್ರೀ ಸಾಹೇಬ್ರ. ನಮ್ದು ಸ್ವಂತದ್ದು!"

ದೇವರಂಥ ಡ್ರೈವರ್ ಅಂದುಕೊಂಡೆ. ಸಾಹೇಬರು ಮುಚ್ಚಳ ತೆಗೆದರು. ಒಳಗೆ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಒಂದು ಈರುಳ್ಳಿ. ಎಲ್ಲೋ ಸಿಕ್ಕ ಹಳೇ ಡಬ್ಬಿಯನ್ನು ಲಾಕ್‌ಡೌನ್ ಕಾಲದಿಂದಲೂ ಅವನು ಬುತ್ತಿಗೆ ಬಳಸುತ್ತಿದ್ದನಂತೆ!

"ಇದೇನಯ್ಯಾ, ಪ್ರಥಮ ಚಿಕಿತ್ಸೆನಾ?"

"ಹೌದ್ರೀ. ನಮ್ಮ ಕಡೆ ಯಾರಿಗರ ಚಕ್ಕರ್ ಬಂದ್ರ ಮೊದಲ ಇದ ಕೊಡೂದು."

"ಅವಧಿ ಯಾವತ್ತು ಮುಗಿಯುತ್ತೆ?"

"ಊಟದ ಹೊತ್ತಿಗ್ರೀ. ಇದಕ್ಕ ಎಕ್ಸ್‌ಟೆನ್ಶನ್ ಇಲ್ಲ."

ಸಾಹೇಬರ ಮಾಸ್ಕು ಅಲುಗಾಡಿತು. ನಕ್ಕರೋ, ಕೆರಳಿದರೋ ತಿಳಿಯಲಿಲ್ಲ. "ನಾಲ್ಕೂ ಗಾಡಿಗೆ ಹೊಸ ಡಬ್ಬಿ ತನ್ನಿ. ಕಾಯ್ತೀನಿ," ಅಂದರು.

ಫೇಲ್ ಅಂತ ಬರೆದು ಕಳಿಸಬಹುದಿತ್ತು, ಕಳಿಸಲಿಲ್ಲ. ಆ ಉಪಕಾರ ನಾನು ಮರೆಯುವುದಿಲ್ಲ. ಮೆಡಿಕಲ್ ಶಾಪಿಗೆ ಓಡಿ ನಾಲ್ಕು ಡಬ್ಬಿ ತಂದೆ, ಚೌಕಾಸಿ ಕೂಡ ಮಾಡದೆ. ನನ್ನ ಜೀವಮಾನದಲ್ಲಿ ಅದೇ ಮೊದಲು.

ಸಾಹೇಬರು ಹೊಸ ಡಬ್ಬಿಯ ಹತ್ತಿ, ಬ್ಯಾಂಡೇಜು, ಮುಲಾಮು ಎಲ್ಲ ನೋಡಿ ಪಾಸ್ ಅಂತ ಬರೆದು ಸಹಿ ಹಾಕಿದರು. ಗಾಡಿ ಬದುಕಿತು, ಅಂಗಡಿ ಬದುಕಿತು. ನಾನು ಕೈಮುಗಿದೆ. ಅವರು ಪೆನ್ನು ಜೇಬಿಗೆ ಸಿಕ್ಕಿಸಿ, ವಾಚು ನೋಡಿ, ಡ್ರೈವರನ ಕಡೆ ತಿರುಗಿದರು.

"ನಂದಿನ್ನೂ ಊಟ ಆಗಿಲ್ಲ. ಆ ಇನ್ನೊಂದು ಡಬ್ಬಿ ತಗೊಂಡು ಬಾಪ್ಪ, ಅವಧಿ ಮುಗಿಯೋದ್ರೊಳಗೆ."