ಅಟ್ಟದ ಮೇಲಿನ ಅಲಾರಂ

ಸೋಮವಾರದಿಂದ ಬೆಳಗಿನ ಜಾವ ಐದಕ್ಕೇ ಏಳುವುದೆಂದು ಸ್ಪಂದನ ಘೋಷಿಸಿದಳು. ಬಿಳಿಗೆರೆಯ ಆ ಮನೆಯಲ್ಲಿ ಇಂಥ ಘೋಷಣೆಗಳಿಗೆ ಬರವಿರಲಿಲ್ಲ. ತಿಪಟೂರಿನಲ್ಲಿ ಬಿ.ಕಾಂ. ಮುಗಿಸಿ ಮನೆ ಸೇರಿದ ಮೇಲೆ ಎಷ್ಟೋ ಸೋಮವಾರಗಳು ಬಂದವು, ಹೋದವು. ಹುಡುಗಿ ಮಾತ್ರ ಬಿಸಿಲು ಮುಖಕ್ಕೆ ಬಿದ್ದ ಮೇಲೇ ಏಳುತ್ತಿದ್ದಳು. ಕಾಲೇಜಿದ್ದಾಗ ಬಸ್ಸು ಎಬ್ಬಿಸುತ್ತಿತ್ತು, ಪರೀಕ್ಷೆ ಹೆದರಿಸುತ್ತಿತ್ತು. ಈಗ ಎದ್ದು ಮಾಡುವುದಾದರೂ ಏನು? ಅದು ಅವಳಿಗೇ ಗೊತ್ತಿರಲಿಲ್ಲ, ಪಾಪ!

ಆದರೆ ಈ ಸಲ ಪಣವಿತ್ತು. ಅಪ್ಪ ರಂಗಪ್ಪ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ: ಒಂದು ವಾರ ಯಾರೂ ಎಬ್ಬಿಸದೆ ಐದಕ್ಕೆ ಎದ್ದರೆ ತುಮಕೂರಿನಲ್ಲಿ ಬ್ಯಾಂಕ್ ಪರೀಕ್ಷೆಯ ಕೋಚಿಂಗು, ತಪ್ಪಿದರೆ ತುರುವೇಕೆರೆಯ ಸೋದರಮಾವನ ಹಿಂಡಿ-ಬೂಸಾ ಅಂಗಡಿಯಲ್ಲಿ ಕೆಲಸ. ಬೂಸಾ ಅಂದರೆ ಸಾಕು, ಸ್ಪಂದನಳಿಗೆ ಸೀನು ಬರುತ್ತಿತ್ತು.

ಅಲಾರಂ ಕೈಗೆಟುಕಿದರೆ ಆರಿಸಿ ಮಲಗುತ್ತೇನೆಂಬ ಆತ್ಮಜ್ಞಾನ ಅವಳಿಗಿತ್ತು. ಅದಕ್ಕೇ ಅಜ್ಜಿ ಹೊಂಬಾಳಮ್ಮನ ಬಟನ್ ಫೋನಿನಲ್ಲಿ ಕೋಳಿ ಕೂಗುವ ಅಲಾರಂ ಇಟ್ಟು, ಏಣಿ ಹತ್ತಿ, ಅಟ್ಟದಲ್ಲಿ ಕೊಬ್ಬರಿಗೆಂದು ಹಾಕಿದ್ದ ತೆಂಗಿನಕಾಯಿ ರಾಶಿಯ ಮೇಲಿಟ್ಟು ಬಂದಳು. ಐದಕ್ಕೆ ಸರಿಯಾಗಿ ಕೋಳಿ ಕೂಗಿತು. ಕಣ್ಣು ಮುಚ್ಚಿಕೊಂಡೇ ಏಣಿ ಹತ್ತಿ ಕೈ ಚಾಚಿದಳು. ಫೋನು ಸರಕ್ಕನೆ ಜಾರಿ ಕಾಯಿಗಳ ಸಂದಿಯಲ್ಲಿ ಇಳಿದುಹೋಯಿತು.

ರಾಶಿ ಸರಿಸಹೊರಟವಳನ್ನು ರಂಗಪ್ಪ ಕೆಳಗಿನಿಂದಲೇ ತಡೆದ. ಅಟ್ಟಕ್ಕೇರಿದ ಕಾಯಿಯ ನೀರು ಇಂಗಿ ಕೊಬ್ಬರಿಯಾಗಲು ಹೆಚ್ಚುಕಡಿಮೆ ವರ್ಷವೇ ಬೇಕು. ಅಲ್ಲಿಯವರೆಗೆ ಅಲುಗಿಸಿದರೆ ಕೊಳೆಯುತ್ತದೆಂಬುದು ಆ ಮನೆಯ ಶಾಸನ.

"ಕಾಯಿ ಮುಟ್ಬ್ಯಾಡ ಕಣವ್ವ. ಸುಲಿಯೋ ಕಾಲಕ್ಕೆ ಫೋನೂ ಸಿಕ್ತದೆ, ಬುಡು."

ಸುಲಿಯುವ ಕಾಲ ಇನ್ನೂ ಆರು ತಿಂಗಳು ದೂರವಿತ್ತು!

ಆ ಫೋನೋ, ಅಜ್ಜಿಯ ಹಾಗೇ ಗಟ್ಟಿಪಿಂಡ. ದಿನಾ ಐದಕ್ಕೆ ಅಟ್ಟದಲ್ಲಿ ಕೋಳಿ ಕೂಗಿತು. ಪಕ್ಕದ ಮನೆ ಭೂತಮ್ಮನ ಹುಂಜ ಪೈಪೋಟಿಗೆ ಬಿದ್ದು ಗಂಟಲು ಹರಿಯುವಂತೆ ಕೂಗಿತು. ಶೆಟ್ಟಿಕೆರೆಯಿಂದ ತನ್ನ ಮಗಳು ಫೋನ್ ಮಾಡಿದರೆ ಹೊಂಬಾಳಮ್ಮ ಅಟ್ಟದತ್ತ ಕತ್ತೆತ್ತಿ, ಆಮೇಲೆ ಮಾಡೇ ಎಂದು ಕೂಗಿ ಹೇಳುತ್ತಿದ್ದಳು. ಫೋನು ಇನ್ನೆಷ್ಟು ದಿನ ಬದುಕೀತೆಂದು ಬೀದಿಗೆ ಬೀದಿಯೇ ಲೆಕ್ಕ ಹಾಕತೊಡಗಿತು.

ಈ ಗದ್ದಲದಲ್ಲಿ ಮಲಗುವುದೆಂತು? ಸ್ಪಂದನ ಎದ್ದಳು. ಎದ್ದು ನೋಡಿದರೆ ಐದು ಗಂಟೆಯ ಲೋಕವೇ ಬೇರೆ! ಅಪ್ಪ ಹಾಲು ಕರೆಯುವಾಗ ಹಸುವಿನ ಹತ್ತಿರ ಊರ ಸುದ್ದಿಯೆಲ್ಲ ಹೇಳುತ್ತಾನೆ, ಅದೂ ಮಗಳ ಹತ್ತಿರ ಆಡುವುದಕ್ಕಿಂತ ಮೆತ್ತಗೆ. ಅಜ್ಜಿ ಒಲೆಯ ಮುಂದೆ ಕೂತು ಮನೆಯವರಿಗೆ ಗೊತ್ತಿಲ್ಲದಂತೆ ಮೊದಲ ಲೋಟ ಕಾಫಿ ಮುಗಿಸಿರುತ್ತಾಳೆ. ನಾಳೆ ಇನ್ನೇನು ಕಾಣುತ್ತದೋ ಎಂಬ ಆಸೆ ಹುಡುಗಿಗೆ ನಿಜಕ್ಕೂ ಹುಟ್ಟಿತು.

ವಾರ ತುಂಬಲು ಒಂದೇ ಬೆಳಗು ಉಳಿದಿತ್ತು. ರಾತ್ರಿ ಮುದ್ದೆ ಮುರಿಯುತ್ತಾ ಸ್ಪಂದನ ಎದೆಯುಬ್ಬಿಸಿದಳು.

"ಇನ್ನು ಫೋನು ಕೂಗಿದ್ರೂ ಒಂದೇ, ಬಿಟ್ರೂ ಒಂದೇ ಕಣಪ್ಪ. ನನ್ ಮೈಗೇ ಅಭ್ಯಾಸ ಆಗೋಗೈತೆ."

ಅದನ್ನು ಕೇಳಿಸಿಕೊಂಡಿತೋ ಏನೋ, ಫೋನು ಅಂದೇ ಪ್ರಾಣ ಬಿಟ್ಟಿತು.

ಅವಳು ಕಣ್ಣು ಬಿಟ್ಟಾಗ ಗಂಟೆ ಒಂಬತ್ತು. ಹಾಸಿಗೆಯ ಸುತ್ತ ಸಭೆ ನೆರೆದಿತ್ತು. ರಂಗಪ್ಪ ಡೈರಿಗೆ ಹಾಲು ಹಾಕಿ ಬಂದು ಕೂತಿದ್ದ. ಕೋಳಿ ಯಾಕೆ ಕೂಗಲಿಲ್ಲವೆಂದು ವಿಚಾರಿಸಲು ಬಂದ ಭೂತಮ್ಮ ಕಾಫಿ ಹಿಡಿದು ಅಲ್ಲೇ ಉಳಿದಿದ್ದಳು. ಯಾರೂ ಎಬ್ಬಿಸಬೇಡಿ, ಮೈಯ ಅಭ್ಯಾಸ ಎಷ್ಟೊತ್ತಿಗೆ ಎಬ್ಬಿಸುತ್ತದೋ ನೋಡೇಬಿಡೋಣ ಎಂದು ಅಜ್ಜಿಯೇ ಎಲ್ಲರನ್ನೂ ತಡೆದಿದ್ದಳಂತೆ.

ಸ್ಪಂದನಳ ಮೂಗಿಗೆ ಆಗಲೇ ಬೂಸಾ ಅಡರಿದಂತಾಯಿತು. ಅಳುವೇ ಬಂತು.

"ಇವತ್ತೊಂದಿನ ತಾನೇ ಅಪ್ಪ... ಕೋಚಿಂಗಿಗೆ ಕಳ್ಸಲ್ವಾ?"

ರಂಗಪ್ಪ ಬಾಯಿ ತೆರೆಯುವ ಮೊದಲೇ ಹೊಂಬಾಳಮ್ಮ ತೀರ್ಪು ಕೊಟ್ಟಳು.

"ಕಳ್ಸಪ್ಪ, ಕಳ್ಸು. ಇವ್ಳನ್ನಲ್ಲ, ನನ್ ಫೋನ್ನ ಕಳ್ಸು. ಉಸ್ರು ಇರೋಗಂಟ ಅದು ಒಂದಿನಾನೂ ತಪ್ಪುಸ್ಲಿಲ್ಲ."