ಅನ್ನದಾನಮ್ಮನಿಗೆ ಒಪ್ಪಿಗೆ ಸಿಕ್ಕ ಅನಾಹುತ

ಹೂವಿನಹಡಗಲಿಯ ಕ್ರೀಡಾಂಗಣದಲ್ಲಿ, ಬಿಡುವಿನ ನಂತರ ಓಟಕ್ಕೆ ಮರಳುವ ಯಾವುದೇ ವ್ಯಕ್ತಿಯು ಓಟ ಸುರಕ್ಷತಾ ಕಚೇರಿಯ ಲಿಖಿತ ಒಪ್ಪಿಗೆ ಪಡೆಯದೆ ಓಡತಕ್ಕದ್ದಲ್ಲ. ಈ ನಿಯಮ ಸುಮ್ಮನೆ ಹುಟ್ಟಿದ್ದಲ್ಲ. ನಿವೃತ್ತ ಹೆಡ್‌ಮಾಸ್ತರ್ ನಾಗಪ್ಪನವರು ಎಷ್ಟೋ ವರ್ಷಗಳ ಬಳಿಕ ಬೂಟು ಕಟ್ಟಿ, ಮೊದಲ ದಿನವೇ ಪಡ್ಡೆ ಹುಡುಗರ ಸಮಕ್ಕೆ ಓಡಲು ಹೋಗಿ, ಮೀನಖಂಡ ಹಿಡಿದುಕೊಂಡು ಕೂತುಬಿಟ್ಟಿದ್ದರು. ಅವರನ್ನು ಎತ್ತಿ ಆಟೋದಲ್ಲಿ ಕೂರಿಸಿದ ಕೂಡಲೇ ಸಮಿತಿ ರಚನೆಯಾಯಿತು, ಸಮಿತಿ ಚಹಾ ಕುಡಿಯಿತು, ಮಾರ್ಗಸೂಚಿ ಹೊರಬಂತು, ಕ್ರೀಡಾಂಗಣಕ್ಕೆ ಬೀಗ ಬಿತ್ತು. ಒಳಗೆ ಈಗ ಆಡುಗಳು ಓಡಾಡುತ್ತವೆ. ಅವು ಯಾವತ್ತೂ ಬಿಡುವು ತೆಗೆದುಕೊಂಡಿಲ್ಲವಾದ್ದರಿಂದ ನಿಯಮ ಅವಕ್ಕೆ ಅನ್ವಯಿಸುವುದಿಲ್ಲ.

ಮಾರ್ಗಸೂಚಿಯನ್ನು ಮಾತ್ರ ಬೈಯುವಂತಿಲ್ಲ. ಯಾರೋ ತಿಳಿದವರೇ ಬರೆದಿದ್ದಾರೆ. "ಬಿಡುವಿನ ಬಳಿಕ ಬರುವ ಹೊಸಬರು ನಿಧಾನವಾಗಿ ಮರಳತಕ್ಕದ್ದು. ಮೊದಲು ನಡಿಗೆ, ನಡುನಡುವೆ ತುಸು ಓಟ. ಓಡುವಾಗ ಏದುಸಿರಿಲ್ಲದೆ ಮಾತಾಡಲು ಬರತಕ್ಕದ್ದು. ವಾರದಲ್ಲಿ ವಿಶ್ರಾಂತಿಯ ದಿನಗಳಿರತಕ್ಕದ್ದು. ನೋವು ಬಂದರೆ ನಿಲ್ಲತಕ್ಕದ್ದು." ಇದರಲ್ಲಿ ಕಚೇರಿಗೆ ಬಹಳ ಹಿಡಿಸಿದ ಮಾತು 'ನಿಧಾನವಾಗಿ' ಎಂಬುದು. ಅದನ್ನು ಕಚೇರಿ ಮನಃಪೂರ್ವಕವಾಗಿ ಜಾರಿಗೆ ತಂದಿತು.

ಮಲ್ಲಿಗೆ ವ್ಯಾಪಾರದ ಅನ್ನದಾನಮ್ಮನನ್ನು ಈ ಕಚೇರಿಗೆ ಕಳಿಸಿದ್ದು ಸಕ್ಕರೆ ಕಾಯಿಲೆ. ಡಾಕ್ಟರ್ ಸಮತಾ ಹೇಳಿದ್ದಕ್ಕೆ ಬೇಸಿಗೆಗೆ ಮುಂಚೆ ಕೆಲವು ವಾರ ಓಡಿದ್ದಳು. ಮದುವೆಗಳ ಹಂಗಾಮು ಬಂತು, ಹೂವಿಗೆ ಬೇಡಿಕೆ ಬಂತು, ಓಟ ನಿಂತಿತು.

"ದೀಪಾವಳಿತನಕ ನೋಡ್ತೀನಿ. ಇಳೀಲಿಲ್ಲಂದ್ರ ದಿನಾ ಸೂಜಿ ಚುಚ್ಚಿಕೊಳ್ಳಬೇಕಾಕ್ಕತಿ ನೋಡ್ರಿ," ಎಂದರು ಡಾಕ್ಟರ್.

ಅನ್ನದಾನಮ್ಮ ಬಸ್‌ಸ್ಟ್ಯಾಂಡಿನ ಪುಂಡರನ್ನು ಒಂದೇ ಗದರಿಕೆಗೆ ಚದುರಿಸುವ ಹೆಂಗಸು. ಸೂಜಿ ಎಂದರೆ ಮಾತ್ರ ಅವಳ ಕೈಕಾಲು ತಣ್ಣಗಾಗುತ್ತಿದ್ದವು. ಅಷ್ಟು ಹೂ ಕಟ್ಟುವವಳು ಒಂದು ದಿನವೂ ಸೂಜಿ ಹಿಡಿದವಳಲ್ಲ, ಎಲ್ಲ ದಾರದಲ್ಲೇ. ಮರುದಿನವೇ ಅರ್ಜಿ ಹಿಡಿದು ಹೊರಟಳು.

ಕಚೇರಿಗೆ ಎರಡು ವಿಭಾಗಗಳಿದ್ದವು. ಹೊಸಬರ ವಿಭಾಗ ಬಸ್‌ಸ್ಟ್ಯಾಂಡಿನ ಪಕ್ಕ, ಮರಳಿದವರ ವಿಭಾಗ ಊರಿನ ಇನ್ನೊಂದು ತುದಿಯಲ್ಲಿ. ಕೋಣೆಗಳು ಸಿಕ್ಕಿದ್ದೇ ಹಾಗೆ.

"ಹಿಂದ ಓಡಿದ್ರೇನು?" ಎಂದು ಕೇಳಿದ ಹೊಸಬರ ವಿಭಾಗದ ಬಸವೇಶ್.

"ಓಡಿದ್ನೆಪಾ, ನಾಕೈದು ವಾರ."

"ಹಂಗಾರ ನೀವು ಹೊಸಬರಲ್ಲ ಬಿಡ್ರಿ ಅಕ್ಕಾ. ಮರಳಿದವರ ಕಡಿ ಹೋಗ್ರಿ." ಅರ್ಜಿಯ ಮೇಲೆ 'ತಿರಸ್ಕೃತ' ಎಂದು ಸೀಲು ಬಿತ್ತು.

ಮರಳಿದವರ ವಿಭಾಗದಲ್ಲಿ ಅರುಣಕುಮಾರ್ ಕನ್ನಡಕ ಒರೆಸಿಕೊಂಡ. "ಓಟ ಪೂರ್ತಿ ಕಲ್ತೀರೇನ್ರಿ?"

"ಇಲ್ಲೋ ತಮ್ಮಾ, ಇನ್ನೂ ಕಲಿಯಾಕತ್ತೀನಿ."

"ಕಲಿಯಾಕತ್ತೀರಿ ಅಂದ್ರ ಹೊಸಬರಾದ್ರಿ. ಮರಳಾಕ ನೀವು ಎಲ್ಲೂ ಮುಟ್ಟೇ ಇಲ್ಲಲ್ರಿ. ಅವ್ರು ಊಟಕ್ಕ ಬಾಗಿಲು ಹಾಕೂದ್ರಾಗ ಹೋಗಿಬಿಡ್ರಿ." ಮತ್ತೊಂದು ಸೀಲು.

ಹೀಗೆ ಅನ್ನದಾನಮ್ಮ ದಿನವೂ ಊರಿನ ಈ ತುದಿಯಿಂದ ಆ ತುದಿಗೆ ಹೋಗತೊಡಗಿದಳು. ಮೊದಮೊದಲು ನಡೆದಳು. ಬಾಗಿಲು ಮುಚ್ಚುವ ಭಯಕ್ಕೆ ಆಗೊಮ್ಮೆ ಈಗೊಮ್ಮೆ ಓಡಿದಳು. ಓಡುವಾಗ ಬೈದಳು: "ನಿಮ್ಮ ಕುರ್ಚಿ ಕಾಲು ಮುರೀಲಿ! ನಿಮ್ಮ ಸೀಲಿನ ಮಸಿ ಒಣಗ್ಲಿ! ನಿಮ್ಮ ಫ್ಯಾನಿಗೆ ಕರೆಂಟು ಬರದಿರ್ಲಿ!" ಬೈಗುಳದ ನಡುವೆ ಉಸಿರು ತುಂಡಾದರೆ ನಡೆಯುತ್ತಿದ್ದಳು, ಉಸಿರು ಬಂದರೆ ಬಿಟ್ಟಲ್ಲಿಂದ ಮುಂದುವರಿಸುತ್ತಿದ್ದಳು. ಮಾರ್ಗಸೂಚಿ ಹೇಳುವ ವೇಗ ಇದೇ ಎಂಬುದನ್ನು ಇಲ್ಲಿ ದಾಖಲಿಸಬೇಕು. ಭಾನುವಾರ, ಎರಡನೇ ಶನಿವಾರ, ಜಯಂತಿಗಳಂದು ಕಚೇರಿಗೆ ರಜೆ; ಕಾಲಿಗೂ ರಜೆ. ಹಿಮ್ಮಡಿ ನೊಂದ ದಿನ ಸರದಿಯ ಬೆಂಚಿನಲ್ಲೇ ಮಧ್ಯಾಹ್ನದವರೆಗೆ ಕೂರಿಸುತ್ತಿದ್ದರು. ಕೆಲವು ವಾರಗಳಲ್ಲಿ ಅವಳ ಬೈಗುಳ ಊರಿಡೀ ಒಂದೇ ಉಸಿರಿನಲ್ಲಿ ಸಾಗತೊಡಗಿತು.

ದೀಪಾವಳಿಗೆ ಮುಂಚೆ ಡಾಕ್ಟರ್ ರಕ್ತ ಪರೀಕ್ಷೆಯ ವರದಿ ನೋಡಿ ಕಣ್ಣರಳಿಸಿದರು. "ಸೂಜಿ ಬ್ಯಾಡ ಸದ್ಯಕ್ಕ. ಏನು ಮಾಡಿದ್ರಿ?"

"ತಿರಸ್ಕಾರ ಆಗಾಕತ್ತೀನ್ರಿ ಮೇಡಂ, ದಿನಾ ಎರಡು ಸಲ."

"ಅದನ್ನ ಬಿಡಬ್ಯಾಡ್ರಿ ಮತ್ತ," ಎಂದರು ಡಾಕ್ಟರ್. ಉಳಿದ ರೋಗಿಗಳಿಗೂ 'ದಿನಕ್ಕೆ ಎರಡು ತಿರಸ್ಕಾರ, ಊಟಕ್ಕೆ ಮುಂಚೆ' ಎಂದು ಚೀಟಿ ಬರೆದುಕೊಟ್ಟರು. ಎರಡೂ ವಿಭಾಗಗಳ ಮುಂದೆ ಸಾಲು ಬೆಳೆಯಿತು.

ಅಷ್ಟರಲ್ಲಿ ಮೇಲಿನಿಂದ 'ತ್ವರಿತ ವಿಲೇವಾರಿ ಸಪ್ತಾಹ' ಬಂತು. ಎರಡೂ ವಿಭಾಗಗಳ ಮೇಲಧಿಕಾರಿ ಕ್ರಾಂತಿಕುಮಾರ್ ಅತ್ಯಂತ ಹಳೆಯ ಅರ್ಜಿಯನ್ನು ಎತ್ತಿಕೊಂಡು, ಓದದೆ, ಮಂಜೂರು ಮಾಡಿಬಿಟ್ಟರು. ಅರ್ಜಿ ಅನ್ನದಾನಮ್ಮನದು.

ಒಪ್ಪಿಗೆ ಸಿಕ್ಕವರು ಮತ್ತೆ ಸಾಲಿನಲ್ಲಿ ನಿಲ್ಲುವಂತಿಲ್ಲ. ಬೀಗ ತೆಗೆದ ಮೈದಾನದಲ್ಲಿ ಒಬ್ಬಳೇ ಸುತ್ತು ಹಾಕಬೇಕು. ಅಲ್ಲಿ ಬೈಯುವುದಾದರೂ ಯಾರನ್ನು? ಬೈಯಲು ಯಾರೂ ಇಲ್ಲದ್ದಕ್ಕೇ ಹಿಂದೆ ಓಟ ಬಿಟ್ಟುಹೋದದ್ದು ಎಂದು ಅವಳಿಗೆ ಈಗ ಹೊಳೆಯಿತು. ಸೂಜಿ ಕಣ್ಣ ಮುಂದೆ ಬಂದು ನಿಂತಿತು.

ಸಂಜೆ ಓಣಿಯವರೆಲ್ಲ ಬಂದು ಪಡಸಾಲೆಯಲ್ಲಿ ಕೂತರು. ನೆರೆಮನೆಯ ಮಾರೆಮ್ಮ ಚಹಾ ತಂದಿದ್ದಳು. "ಯವ್ವಾ, ಮಂಜೂರಾತಂತ. ಯಾರಿಗೂ ಬರಬಾರದು ಇಂಥಾದ್ದು," ಎಂದು ಕಣ್ಣೊರೆಸಿಕೊಂಡಳು.

"ಧೈರ್ಯ ತಗೋರಿ," ಎಂದರು ನಾಗಪ್ಪ ಮಾಸ್ತರ್. "ಮೇಲ್ಮನವಿ ಅಂತ ಒಂದು ಐತಿ."

ಬೆಳಗಾಗುತ್ತಲೇ ಅವಳು ಹೊಸಬರ ವಿಭಾಗದ ಒಳಕೋಣೆಯಲ್ಲಿ ಅಧಿಕಾರಿಯ ಮುಂದೆ ನಿಂತಳು. "ಸಾಹೇಬ್ರ, ನಾ ನಿಮಗೇನು ಅನ್ಯಾಯ ಮಾಡಿದ್ನಿ? ಇಷ್ಟು ದಿನ ಬಾಯಿತುಂಬ ಬೈದೀನಿ, ಖರೆ. ಅದಕ್ಕ ಒಪ್ಪಿಗಿ ಕೊಟ್ಟುಬಿಡೋದಾ?"

ಕ್ರಾಂತಿಕುಮಾರ್ ಅವರ ಮನಸ್ಸು ಕರಗಿತು. "ತಪ್ಪಾಗೇತಿ ಅಮ್ಮಾರ. ಸಪ್ತಾಹದ ಗಡಿಬಿಡಿ," ಎಂದು ಅಲ್ಲೇ ಆದೇಶ ಬರೆಸಿದರು: "ಅರ್ಜಿದಾರರ ಆರೋಗ್ಯದ ಹಿತದೃಷ್ಟಿಯಿಂದ ಸದರಿ ಒಪ್ಪಿಗೆಯನ್ನು ಹಿಂಪಡೆಯಲಾಗಿದೆ. ಅರ್ಜಿದಾರರು ಜೀವನಪರ್ಯಂತ ಹೊಸಬರೂ ಅಲ್ಲ, ಮರಳಿದವರೂ ಅಲ್ಲ."

ಹೊರಗೆ ಸಾಲಿನಲ್ಲಿದ್ದವರು ಚಪ್ಪಾಳೆ ತಟ್ಟಿದರು. ಅನ್ನದಾನಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಸವೇಶನ ಕಿಟಕಿಗೆ ಅರ್ಜಿ ಚಾಚಿದಳು.

"ಲಗೂನ ತಿರಸ್ಕಾರ ಮಾಡೋ ತಮ್ಮಾ, ಬಿಸಿಲೇರತೈತಿ."

ಬಸವೇಶ್ ಗೌರವದಿಂದ ಎದ್ದು ನಿಂತು ಸೀಲು ಒತ್ತಿದ. ಸಾಲಿನವರು ಅವಳಿಗೆ ದಾರಿ ಬಿಟ್ಟರು.