ಬಿಪಿ ಇದ್ದ ಕಾರು

ನಮ್ಮ ಕಾಕಾ ಜೀವನದಲ್ಲಿ ಸಮಯಕ್ಕೆ ಸರಿಯಾಗಿ ಮಾಡಿದ್ದು ಒಂದೇ ಕೆಲಸ: ಎಂಜಿನ್ನಿನೊಳಗೆ ಕಿಡಿ ಹಾರಿಸುವುದು. ತನ್ನ ಮದುವೆಯ ಅಕ್ಕಿಕಾಳಿಗೇ ಒಂದು ತಾಸು ತಡವಾಗಿ ಬಂದ ಮನುಷ್ಯ, ಕಿಡಿ ಕೂದಲೆಳೆಯಷ್ಟು ಬೇಗ ಹಾರಿತೆಂದು ಊಟ ಬಿಡುತ್ತಿದ್ದ!

ಗೋಕಾಕದಲ್ಲಿ ಅವನ ಗ್ಯಾರೇಜು. ತೊಂಬತ್ತರ ದಶಕದ ಕೊನೆಗೆ ಗುಜರಿಯಲ್ಲೊಂದು ಟರ್ಬೋ ಸಿಕ್ಕಿತು. ತನ್ನ ಹಳೆಯ ಪೆಟ್ರೋಲ್ ಕಾರಿಗೆ ಕೂಡಿಸಿದ. ಟರ್ಬೋ ಎಂದರೆ ಎಂಜಿನ್ನಿಗೆ ಗಾಳಿಯನ್ನು ಒತ್ತಿ ಕುಡಿಸುವ ಪಂಖ. ಗಾಳಿ ಹೆಚ್ಚಿದಷ್ಟೂ ಕಿಡಿ ತುಸು ತಡವಾಗಿ ಹಾರಬೇಕು. ಬೇಗ ಹಾರಿದರೆ ಒಳಗೆ ಟಕಟಕ ಸದ್ದು. ಅದನ್ನು ಕೇಳಿಸಿಕೊಳ್ಳದೆ ಕಾಲು ಒತ್ತಿದರೆ ಪಿಸ್ಟನ್ನಿಗೆ ತೂತು. ಹಾಗೆ ಎರಡು ಪಿಸ್ಟನ್ ಹೋದವು. "ಮೂರನೇದೂ ಹೋತಂದ್ರ ಟರ್ಬೋ ಬಿಚ್ಚಿ ಒಗೀತೇನಿ" ಎಂದು ಹೆಂಡತಿಗೆ, ಅಂದರೆ ನಮ್ಮ ಕಾಕುವಿಗೆ, ಮಾತು ಕೊಟ್ಟ. ಕಾಕು ಮೂರನೆಯದಕ್ಕಾಗಿ ಕಾಯತೊಡಗಿದಳು.

ಗಾಳಿಯ ಒತ್ತಡ ಅಳೆಯುವ ಮೀಟರು ನಮ್ಮ ಕಡೆ ಎಲ್ಲಿ ಸಿಗಬೇಕು? ಕಾಕಾ ಡಾಕ್ಟರರ ಹಳೆಯ ಬಿಪಿ ಮೀಟರು ತಂದು ಸ್ಟೇರಿಂಗ್ ಬಾಜೂ ಕಟ್ಟಿದ. ಹುಕ್ಕೇರಿ ರಸ್ತೆಯಲ್ಲಿ ಕಾಕು ಮುಳ್ಳು ನೋಡಿ ಹೇಳಿದಳು: "ಇನ್ನೂರಾ ಐವತ್ತ ಆತ್ರಿ. ಮನಷ್ಯಾ ಆಗಿದ್ರ ಇಷ್ಟೊತ್ತಿಗೆ ಹೋಗಿರತಿದ್ದ."

"ಗಾಡಿಗೆ ಉಪ್ಪ ಬಿಡು ಅಂತ ಹೇಳಾಕ ಬರತೈತೇನು?" ಅಂದ ಕಾಕಾ.

ಪರೀಕ್ಷೆ ನಡೆಯುತ್ತಿದ್ದುದು ಗೋಕಾಕ ಫಾಲ್ಸಿನ ಏರಿನಲ್ಲಿ. ಹೊರೆಗೆ ಮೂಡಲಗಿಯ ಬೆಲ್ಲದ ಪೆಂಟಿ, ಅಂದರೆ ದೊಡ್ಡ ಅಚ್ಚು. ಒಂದೊಂದೂ ಹತ್ತು ಕಿಲೋ, ತೂಗುವ ಕೆಲಸವಿಲ್ಲ. ಕಾಕುವಿನ ಕಾಲಬುಡದ ಪೆಂಟಿ ಟರ್ಬೋದ ಕಾವಿಗೆ ಕರಗಿ ಚಪ್ಪಲಿ ಅಂಟಿಕೊಂಡವು. ಅವಳು ಬರಿಗಾಲಲ್ಲೇ ಇಳಿದು ಫಾಲ್ಸ್ ನೋಡಿದಳು, ಹಿಂದೆ ಇರುವೆಗಳೂ ನೋಡಿದವು.

ಐದಾರು ವರ್ಷ ಹೀಗೇ ಹೋದವು. ಮೂರನೆಯ ಪಿಸ್ಟನ್ ಗಟ್ಟಿಯಾಗಿತ್ತು. ಒಂದು ಮಧ್ಯಾಹ್ನ ಅದೇ ಏರಿನಲ್ಲಿ ಹಿಂದೆ ಕುಳಿತ ನನಗೂ ಟಕಟಕ ಸ್ಪಷ್ಟವಾಗಿ ಕೇಳಿಸಿತು. ಕಾಕಾ ನಗುನಗುತ್ತ ಇನ್ನಷ್ಟು ಒತ್ತಿದ. ಆಗ ನನಗೆ ತಿಳಿಯಿತು: ಗ್ಯಾರೇಜಿನ ಗದ್ದಲ ಅವನ ಕಿವಿಯನ್ನು ತಿಂದುಬಿಟ್ಟಿತ್ತು, ಯಾರಿಗೂ ಹೇಳಿರಲಿಲ್ಲ.

ನಾನು ಬಾಯಿ ತೆರೆಯುವಷ್ಟರಲ್ಲಿ ಕಾಕು ಅವನ ಹೆಗಲನ್ನು ಬೆರಳಿನಿಂದ ಎರಡು ಸಲ ತಟ್ಟಿದಳು. ಕಾಕಾ ತಕ್ಷಣ ಗಾಡಿ ನಿಲ್ಲಿಸಿ, ಬಾನೆಟ್ ಎತ್ತಿ, ಕಿಡಿಯನ್ನು ತುಸು ಹಿಂದಕ್ಕೆ, ಅಂದರೆ ತಡಕ್ಕೆ, ತಿರುಗಿಸಿದ. ಮತ್ತೆ ಏರು, ಬೆರಳು ಒಂದೇ ಸಲ ತಟ್ಟಿತು. ಮತ್ತೆ ತಿರುಗಿಸಿದ. ಮೂರನೆಯ ಸಲ ಬೆರಳು ಅಲುಗಲಿಲ್ಲ.

ಮೇಲೆ ಹೋದ ಮೇಲೆ ಕಾಕಾ ರೇಡಿಯೇಟರಿಗೆ ನೀರು ತರಲು ಹೋದ. ನಾನು ಕೇಳಿದೆ: "ಸುಮ್ಮನ ಕುಂತಿದ್ರ ಇವತ್ತ ಪಿಸ್ಟನ್ ಹೋಗಿ ಟರ್ಬೋನೂ ಹೋಗತಿತ್ತಲ್ಲ ಕಾಕು?"

"ಹೋಗತಿತ್ತು" ಅಂದಳು. "ಎರಡ ವರ್ಷಾತು, ನಾ ಮಾತಾಡಿದ್ದ ಒಂದೂ ಕೇಳಸಂಗಿಲ್ಲ ಅವರಿಗೆ. ಈ ಬೆರಳ ತಟ್ಟೂದೊಂದಾದ್ರೂ ತಿಳೀತೈತಿ."